ನೀಲಿ ಮೂಟೆ

"ಇವತ್ತು ಆಪರೇಷನ್ ಇಲ್ಲಮ್ಮ. ಬಟ್ಟೆ ಬಂದಿಲ್ಲ," ಎಂದು ಸಿಸ್ಟರ್ ಹೇಳಿದಾಗ ಅವಳು ಗಂಡನ ಕೈಗಡಿಯಾರ ಬಿಚ್ಚಿ ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

"ಯಾವ ಬಟ್ಟೆ ಸಿಸ್ಟರ್?"

"ಆಪರೇಷನ್ ಮಾಡೋವಾಗ ಹೊದಿಸೋ ಹಸಿರು ಬಟ್ಟೆ. ಲಾಂಡ್ರಿಯವರು ನಿನ್ನೇನೇ ಕಳಿಸಬೇಕಿತ್ತು. ಹನ್ನೆರಡರೊಳಗೆ ಬಂದ್ರೆ ಆವಿಗಿಟ್ಟು ಕ್ರಿಮಿ ಕೊಂದು ಮಧ್ಯಾಹ್ನಕ್ಕೆ ಮಾಡಬಹುದು. ಇಲ್ಲಾಂದ್ರೆ ಡಾಕ್ಟರು ಸಂಜೆ ರಜೆ ಮೇಲೆ ಹೋಗ್ತಾರೆ. ಇನ್ನು ಮೂರು ವಾರ."

ಅವಳ ಕೈ ಚೀಲದೊಳಗೇ ನಿಂತಿತು. ಆ ಲಾಂಡ್ರಿ ಅವಳು ಹನ್ನೆರಡು ವರ್ಷದಿಂದ ಬಟ್ಟೆ ಮಡಿಸುತ್ತಿರುವ ಲಾಂಡ್ರಿ. ಆ ಬಟ್ಟೆಯಿದ್ದ ನೀಲಿ ಮೂಟೆ ಮೊನ್ನೆಯಿಂದ ಅಲ್ಲೇ ಬಿದ್ದಿತ್ತು. ನಿನ್ನೆ ಸಂಜೆ ಮನೆಗೆ ಹೊರಡುವಾಗ ದಾರಿಗಡ್ಡವೆಂದು ಅದನ್ನು ಕಾಲಿನಿಂದ ಮೂಲೆಗೆ ತಳ್ಳಿದವಳು ಬೇರೆ ಯಾರೂ ಅಲ್ಲ, ಅವಳೇ.

ಗಂಡ ಸೈಕಲ್ ರಿಪೇರಿಯವನು. ಪಿತ್ತಕೋಶದಲ್ಲಿ ಕಲ್ಲು. ಆರು ತಿಂಗಳಲ್ಲಿ ಮೂರು ಸಲ ನೋವು ಬಂದು ನೆಲದ ಮೇಲೆ ಹೊರಳಾಡಿದ್ದ. ನಾಲ್ಕನೆಯದು ಬರುವವರೆಗೆ ಕಾಯಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ರಾತ್ರಿಯಿಂದ ಹನಿ ನೀರು ಕುಡಿದಿರಲಿಲ್ಲ. ಆದರೂ ಅವನು ತಮಾಷೆ ಬಿಟ್ಟಿರಲಿಲ್ಲ. "ಇನ್ನೆರಡು ದಿನ ಉಪವಾಸ ಕೆಡವಿದ್ರೆ ಹಸಿವಿಗೆ ನಾನೇ ಆ ಕಲ್ಲು ಅರಗಿಸ್ಕೋತೀನಿ ಬಿಡೆ," ಎಂದ.

ಮಂಚದ ಕಾಲ್ದೆಸೆಯಲ್ಲಿ ಅವನ ಅಣ್ಣ ಕೈಕಟ್ಟಿ ನಿಂತಿದ್ದ. ಬೆಳಿಗ್ಗೆಯಿಂದ ಇಂಥದೇನಾದರೂ ಆಗಲೆಂದೇ ಕಾಯುತ್ತಿದ್ದವನ ಹಾಗೆ ಮುಂದೆ ಬಂದ.

"ನಾನೇನು ಬಡ್ಕೊಂಡೆ? ಪುಕ್ಕಟೆ ಅಂದ್ರೆ ಹೀಗೇನೇ. ಎದುರುಗಡೆ ಆಸ್ಪತ್ರೆಗೆ ಈಗ ಹೋದ್ರೆ ಈಗಲೇ ಮಾಡ್ತಾರೆ. ಸೈಕಲ್ ಅಂಗಡಿ ಅಡ ಇಟ್ರಾಯ್ತು. ಜೀವಕ್ಕಿಂತ ಅಂಗಡಿ ಹೆಚ್ಚೇನಮ್ಮ?"

"ಅಂಗಡಿ ಹೋದ್ಮೇಲೆ ಆ ಜೀವ ಏನು ಮಾಡ್ಬೇಕು ಭಾವ? ಮತ್ತೆ ಪುಕ್ಕಟೆ ಅನ್ಬೇಡಿ. ಇವರು ಮೂವತ್ತು ವರ್ಷ ಕೊಂಡ ಒಂದೊಂದು ಟೈರಿಗೂ ತೆರಿಗೆ ಕಟ್ಟಿದಾರೆ. ಈ ಮಂಚಕ್ಕೆ ಮೊದಲೇ ದುಡ್ಡು ಕೊಟ್ಟು ಬಂದಿರೋದು."

"ಮಾತಿಗೇನು ಕಮ್ಮಿಯಿಲ್ಲ. ಇಲ್ಲಿ ಸಹಿ ಹಾಕು, ಕರ್ಕೊಂಡು ಹೋಗೋಣ." ಅವನು ಡಿಸ್ಚಾರ್ಜ್ ಕಾಗದವನ್ನು ಆಗಲೇ ತಂದಿಟ್ಟುಕೊಂಡಿದ್ದ.

ಅವಳು ಕಾಗದವನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಗಂಡನ ದಿಂಬಿನಡಿ ಇಟ್ಟಳು. "ಸಹಿ ಆಮೇಲೆ. ಮೊದಲು ಸ್ಕೂಟರ್ ತೆಗೀರಿ."

ಲಾಂಡ್ರಿಯಲ್ಲಿ ಒಂದು ಪದ್ಧತಿಯಿತ್ತು. ಭಾವ ಹೇಳಿದ ಎದುರುಗಡೆಯ ಖಾಸಗಿ ಆಸ್ಪತ್ರೆಯ ಬಟ್ಟೆ ಬಿಳಿ ಮೂಟೆಯಲ್ಲಿ ಬರುತ್ತಿತ್ತು, ಗಂಡ ಮಲಗಿದ್ದ ಸರ್ಕಾರಿ ಆಸ್ಪತ್ರೆಯದು ನೀಲಿ ಮೂಟೆಯಲ್ಲಿ. ಬಿಳಿ ಮೂಟೆ ಬಂದರೆ ಎಲ್ಲ ಕೆಲಸ ಬಿಟ್ಟು ಅದನ್ನೇ ಮೊದಲು ಮಿಷನ್ನಿಗೆ ಹಾಕಬೇಕು. ನೀಲಿಯದು ಹೊತ್ತು ಮಿಕ್ಕಿದಾಗ. ಬಿಳಿ ಮೂಟೆಗೆ ಅಳಿಯ, ನೀಲಿ ಮೂಟೆಗೆ ಮಲಮಗ ಎಂದು ಹೆಸರಿಟ್ಟವಳು ಅವಳೇ. "ಅಳಿಯ ಬಂದ, ಎದ್ದು ಉಪಚಾರ ಮಾಡ್ರಪ್ಪ" ಎಂದು ಅವಳು ಕೂಗಿದರೆ ಲಾಂಡ್ರಿಯೆಲ್ಲ ನಗುತ್ತಿತ್ತು. ಸ್ಕೂಟರಿನ ಹಿಂದೆ ಕೂತಿದ್ದಾಗ ಆ ನಗು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಲಾಂಡ್ರಿ ಹತ್ತಿರ ಬರುವ ಹೊತ್ತಿಗೆ ನಾಚಿಕೆ ಹೋಗಿ ಸಿಟ್ಟು ಬಂದಿತ್ತು.

ಮಿಷನ್ ನೋಡಿಕೊಳ್ಳುವ ತಾತ ಆಗ ತಾನೇ ಬಿಳಿ ಮೂಟೆ ಬಿಚ್ಚಿ ಒಳಗೆ ತುಂಬಿದ್ದ. ಇನ್ನೂ ನೀರು ಬಿಟ್ಟಿರಲಿಲ್ಲ.

"ಎಲ್ಲಾ ಹೊರಗೆ ತೆಗಿ ತಾತ," ಎನ್ನುತ್ತ ಅವಳು ನೀಲಿ ಮೂಟೆಯನ್ನು ಮೂಲೆಯಿಂದ ಎಳೆದು ತಂದಳು.

"ಅಳಿಯ ಒಳಗಿದಾನಲ್ಲವ್ವ..."

"ಅಳಿಯ ಸ್ವಲ್ಪ ಹೊರಗೆ ಕೂತ್ಕೊಳ್ಳಲಿ. ಏನೂ ಸವೆಯಲ್ಲ."

ಗದ್ದಲ ಕೇಳಿ ಮಾಲೀಕ ಒಳಗಿನಿಂದ ಬಂದ. ಕೆಟ್ಟ ಮನುಷ್ಯನೇನಲ್ಲ, ಆದರೆ ಸರ್ಕಾರದ ಹೆಸರೆತ್ತಿದರೆ ಉರಿದು ಬೀಳುತ್ತಿದ್ದ. "ಏಳು ತಿಂಗಳಾಯ್ತು, ಅವರು ಒಂದೂ ಬಿಲ್ ಪಾಸ್ ಮಾಡಿಲ್ಲ. ಈ ಖಾಸಗಿಯವರು ವಾರವಾರ ದುಡ್ಡು ಕೊಡ್ತಾರೆ. ನಾನು ಯಾರದನ್ನ ಮೊದಲು ಒಗೀಲಿ, ನೀನೇ ಹೇಳು."

"ಬಿಲ್ ಪಾಸ್ ಮಾಡದಿರೋನು ಆಫೀಸಲ್ಲಿ ಫ್ಯಾನಿನ ಕೆಳಗೆ ಕೂತಿದಾನೆ ಸಾರ್. ಮಲಗಿರೋದು ನನ್ನ ಗಂಡ." ಅವಳು ತಾತ ಹೊರಗೆ ತೆಗೆದಿದ್ದ ಬಿಳಿ ಹಾಸಿಗೆ ಬಟ್ಟೆಯೊಂದನ್ನು ಎತ್ತಿ ಅವನ ಮುಂದೆ ಹಿಡಿದಳು. "ಇದು ನೋಡಿ. ಸೋಮವಾರ ನಾನು ಹಾಕಿದ ಮಡಿಕೆ ಹಾಗೇ ಇದೆ. ಇದರ ಮೇಲೆ ಒಬ್ಬರೂ ಮಲಗಿಲ್ಲ. ಯಾರೋ ರೋಗಿ ಹೆಸರಲ್ಲಿ ದಿನಕ್ಕೊಂದು ಹೊಸ ಬಟ್ಟೆ ಅಂತ ಬಿಲ್ಲಿಗೆ ಬರ್ಕೊಂಡು ವಾಪಸ್ ಕಳಿಸಿದಾರೆ, ಅಷ್ಟೆ. ಮಡಿಕೆ ಮುರೀದ ಬಟ್ಟೇನ ನಾವು ಮತ್ತೆ ಒಗೀತಾ ಇದೀವಿ. ಅಲ್ಲಿ ಹಸಿರು ಬಟ್ಟೆ ಇಲ್ದೆ ಮೂರು ಜನ ಬರೀ ಹೊಟ್ಟೇಲಿ ಕಾಯ್ತಾ ಇದಾರೆ."

ಮಾಲೀಕನ ದನಿ ತಗ್ಗಿತು. "ನಿನ್ನ ಗಂಡ ಅಂತ ಮೊದಲೇ ಹೇಳಬಾರ್ದಾ? ಅವನಿಗೆ ಬೇಕಾದ್ದು ನಾಲ್ಕು ಬಟ್ಟೆ ಒಗ್ಕೊಂಡು ಹೋಗು. ನಾನೇನು ಬೇಡ ಅಂತೀನಾ?"

ಬಾಗಿಲಲ್ಲಿ ನಿಂತಿದ್ದ ಭಾವ ನಿಟ್ಟುಸಿರು ಬಿಟ್ಟ. ಕೆಲಸವಾಯಿತಲ್ಲ! ಅವಳಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ನಾಲ್ಕು ಬಟ್ಟೆ ಸಾಕಿತ್ತು. ಆದರೆ ಗಂಡನ ಎಡಮಂಚದಲ್ಲಿ ಬಸ್ ಕಂಡಕ್ಟರೊಬ್ಬನಿದ್ದ, ಬಲಮಂಚದಲ್ಲಿ ಬೆಳಿಗ್ಗೆಯಿಂದ ಗೋಡೆ ಕಡೆ ತಿರುಗಿ ಮಲಗಿದ್ದ ಮುದುಕ. ವಾಪಸ್ ಹೋದಾಗ ಅವರ ಮುಖ ನೋಡಬೇಕಾಗಿತ್ತು.

"ಇಲ್ಲ ಸಾರ್. ಮೂಟೆ ಪೂರ್ತಿ ಹೋಗುತ್ತೆ."

"ಕೆಲಸ ಬೇಕೋ ಬೇಡ್ವೋ ನಿಂಗೆ?"

"ಬೇಕು. ಅದಕ್ಕೇ ಮಾಡ್ತಾ ಇದೀನಿ. ತಾತ, ನೀರು ಬಿಡು."

ತಾತ ಮಾಲೀಕನ ಮುಖ ನೋಡಿದ, ಅವಳ ಮುಖ ನೋಡಿದ. ಆಮೇಲೆ ಯಾರ ಮುಖವನ್ನೂ ನೋಡದೆ ಗುಂಡಿ ಒತ್ತಿದ.

ಬಟ್ಟೆ ಒಗೆದು ಒಣಗಿ ಹೊರಬರುವ ಹೊತ್ತಿಗೆ ಹನ್ನೊಂದು ದಾಟಿತ್ತು. ದೊಡ್ಡ ಬಟ್ಟೆ ಮಡಿಸಲು ಇಬ್ಬರು ಬೇಕು. ಹೊರಗೆ ಬಿಳಿ ಮೂಟೆಯ ವ್ಯಾನು ಬಂದು ಹಾರನ್ ಹೊಡೆಯುತ್ತಿದ್ದರಿಂದ ಉಳಿದವರು ಅತ್ತ ಓಡಿದ್ದರು. "ಭಾವ, ಆ ತುದಿ ಹಿಡ್ಕೊಳ್ಳಿ," ಎಂದಳು. ಅವನು ಗೊಣಗುತ್ತಲೇ ಹಿಡಿದ. ಮೊದಲ ಮೂರು ಸೊಟ್ಟಗಾದವು. "ಹೊದ್ದುಕೊಳ್ಳೋನು ನಿಮ್ಮ ತಮ್ಮನೇ, ಪರವಾಗಿಲ್ಲ," ಎಂದಳು. ನಾಲ್ಕನೆಯದರ ಅಂಚನ್ನು ಅವನು ಅಂಚಿಗೆ ಸರಿಯಾಗಿ ಕೂಡಿಸಿದ. ಆಮೇಲೆ ಗೊಣಗಲಿಲ್ಲ.

ಮೂಟೆ ಸ್ಕೂಟರಿಗೆ ಏರುವಾಗ ಮಾಲೀಕ ಬಾಗಿಲಿಗೆ ಬಂದ. ಒಗೆದ ಬಟ್ಟೆ ಸಿಗದೆ ಬರಿಗೈಲಿ ಹೊರಟ ವ್ಯಾನಿನವನ ಬೈಗುಳ ಕೇಳಿ ಅವನ ಮುಖ ಕೆಂಪಾಗಿತ್ತು. "ನಾಳೆಯಿಂದ ಬರಬೇಡ ನೀನು."

"ನಾಳೆ ಆರು ಗಂಟೆಗೆ ಬರ್ತೀನಿ ಸಾರ್. ನೀಲಿ ಮೂಟೇನೇ ಮೊದಲು ಹಾಕ್ತೀನಿ. ತಡೀಬೇಕು ಅಂದ್ರೆ ನೀವೂ ಬೇಗ ಎದ್ದು ಬನ್ನಿ."

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಸಿಸ್ಟರ್ ಮೂಟೆ ಇಸಿದುಕೊಂಡಳು. ಮೊದಲು ಮುದುಕ ಒಳಗೆ ಹೋದ, ಆಮೇಲೆ ಕಂಡಕ್ಟರ್, ಕೊನೆಗೆ ಸೈಕಲ್ಲಿನವನು. ಸಂಜೆ ಡಾಕ್ಟರು ಪುಟ್ಟ ಶೀಶೆಯಲ್ಲಿ ಕಲ್ಲು ಹಾಕಿಕೊಟ್ಟರು. ಭಾವ ಅದನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ. ದಿಂಬಿನಡಿಯ ಕಾಗದವನ್ನು ತಾನೇ ತೆಗೆದು ಹರಿದು ಹಾಕಿದ.

ಮರುದಿನ ಬೆಳಿಗ್ಗೆ ಗಂಡನನ್ನು ಭಾವನಿಗೊಪ್ಪಿಸಿ ಅವಳು ಲಾಂಡ್ರಿಗೆ ಬಂದಾಗ ಆರಕ್ಕೆ ಐದು ನಿಮಿಷವಿತ್ತು. ಷಟರ್ ಅರ್ಧ ಮೇಲೆದ್ದಿತ್ತು. ಬಗ್ಗಿ ಒಳಗೆ ಹೋದಳು. ಹೊಸದಾಗಿ ಬಂದ ನೀಲಿ ಮೂಟೆಯ ಮೇಲೆ, ತಲೆ ಬಾಚದೆ, ನಿನ್ನೆಯ ಅಂಗಿಯಲ್ಲೇ, ಮಾಲೀಕ ಕೂತಿದ್ದ. ಕಣ್ಣು ಕೆಂಪಗಿದ್ದವು.

ಅವಳು ಚೀಲವನ್ನು ಮೊಳೆಗೆ ತಗುಲಿಹಾಕಿ ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡು ಅವನ ಎದುರಿಗೆ ಬಂದು ನಿಂತಳು.

"ಏಳಿ ಸಾರ್."

ಅವನ ಬೆನ್ನ ಹಿಂದೆ ತಾತ ಮಿಷನ್ನಿನ ಬಾಗಿಲು ತೆರೆದು ಹಿಡಿದಿದ್ದ.