ಸದ್ದಿಲ್ಲದ ಗೋಡೆ

ಎಳವೆಯಲ್ಲೇ ಜ್ವರ ಬಂದು ಅಕ್ಕನ ಕಿವಿ ಹೋಯಿತು. ಅಂದಿನಿಂದ ಅವಳ ಕಿವಿ ನಾನೇ. ಅಪ್ಪ ತೀರಿಹೋದದ್ದನ್ನೂ ನಾನೇ ಎದುರು ನಿಂತು ಹೇಳಿದ್ದೆ. ಆಗಿನ ಅವಳ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಾಗಾಗಿ ಭಾವನನ್ನು ಹೃದಯದ ಆಪರೇಷನ್‌ಗೆ ಒಳಗೆ ಕರೆದೊಯ್ದಾಗ ನನಗಿದ್ದ ಭಯ ಒಂದೇ. ಇವತ್ತೂ ಅಂಥದ್ದನ್ನು ನಾನೇ ಹೇಳಬೇಕಾಗಿ ಬಂದರೆ?

ಕಾಯುವ ಹಜಾರದಲ್ಲಿ ಗೋಡೆಯಗಲದ ಟಿವಿ ಪರದೆ ಹಾಕಿದ್ದರು. ಅದರ ತುಂಬ ನೀಲಿ ಸಮುದ್ರ, ಹಳದಿ ಮೀನುಗಳು ಆರಾಮಾಗಿ ಈಜುತ್ತಿದ್ದವು. ಬದಿಯಲ್ಲಿ ಅಂಗೈಯಷ್ಟು ದೊಡ್ಡ ಟೋಕನ್ ನಂಬರುಗಳು. ನಂಬರು ಹಸಿರಾದರೆ ಮನೆಯವರೊಬ್ಬರು ಒಳಗೆ ಹೋಗಬೇಕು. ಒಳ್ಳೆಯದೋ ಕೆಟ್ಟದ್ದೋ, ಹೋದಮೇಲೇ ತಿಳಿಯುವುದು. ಆ ನೀಲಿ ಬೆಳಕಿನಲ್ಲಿ ಬೆಂಚಿನವರೆಲ್ಲ ನೀರಿನಡಿ ಕೂತವರಂತೆ ಕಾಣುತ್ತಿದ್ದರು. ಯಾರಿಗೂ ಯಾವ ಅವಸರವೂ ಇದ್ದಂತಿರಲಿಲ್ಲ.

"ಇಷ್ಟು ದೊಡ್ಡ ಟಿವಿ ಮೀನು ತೋರ್ಸೋಕಾ?" ಎಂದು ಗೊಣಗಿದೆ.

ಅಕ್ಕ ನನ್ನ ತುಟಿ ನೋಡಿ, "ಚೆನ್ನಾಗಿದೆ ಬಿಡೋ. ನೀನೂ ಒಂದ್ಗಳಿಗೆ ಸುಮ್ನೆ ಕೂತ್ಕೊಂಡು ನೋಡು," ಎಂದಳು.

ಸುಮ್ಮನೆ ಕೂರುವ ಜನ್ಮವೇ ನನ್ನದಲ್ಲ. ಪರದೆಗೆ ಬೆನ್ನು ಹಾಕಿ, ಬಾಗಿಲ ಪಕ್ಕ ಕಿವಿ ನಿಮಿರಿಸಿ ಕೂತೆ. ನಂಬರು ಏನೇ ಇರಲಿ, ನರ್ಸ್ ಬಂದು ಹೆಸರನ್ನೂ ಕೂಗುತ್ತಾಳೆ, ನಾನು ಮೊದಲು ಕೇಳಿಸಿಕೊಳ್ಳಬೇಕು ಎಂದುಕೊಂಡೆ. ಜೀವಮಾನವಿಡೀ ಮಾಡಿದ್ದು ಅದೇ ಕೆಲಸ ತಾನೆ. ಬಾಗಿಲು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಯಾರೂ ಕೂಗಲಿಲ್ಲ. ಹೊತ್ತು ಹೋದ ಹಾಗೆ ಎದೆಯ ಡವಡವ ಬಿಟ್ಟು ಬೇರೇನೂ ಕೇಳಿಸದಾಯಿತು. ನಾನೂ ಎಲ್ಲೋ ತೇಲುತ್ತಿದ್ದೆ.

ತಿರುಗಿ ನೋಡಿದರೆ ಅಕ್ಕನ ಜಾಗ ಖಾಲಿ. ಪಕ್ಕದಲ್ಲಿದ್ದ ಅಜ್ಜಿಯನ್ನು ಕೇಳಿದೆ.

"ಅವ್ರ ನಂಬರ್ ಹಸಿರಾಯ್ತಲ್ಲಪ್ಪ, ಆಗ್ಲೇ ಎದ್ದು ಆ ಕಡೆ ಬಾಗ್ಲಿಂದ ಹೋದ್ರು. ಇಲ್ಲಿ ಯಾರೂ ಹೆಸ್ರು ಕೂಗಲ್ಲ," ಎಂದಳು ಅಜ್ಜಿ.

ಒಳಗೆ ಡಾಕ್ಟರು ಬಾಯಿಗೆ ಮಾಸ್ಕ್ ಕಟ್ಟಿಕೊಂಡಿರುತ್ತಾರೆ, ಅವರ ತುಟಿ ಅಕ್ಕನಿಗೆಲ್ಲಿ ಕಾಣಬೇಕು? ಓಡಿದೆ. ಕಾವಲಿನವನು ಒಬ್ಬರನ್ನಷ್ಟೇ ಬಿಡುವುದೆಂದು ಅಡ್ಡ ನಿಂತ. ಅಷ್ಟರಲ್ಲಿ ಅಕ್ಕನೇ ಹೊರಗೆ ಬಂದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ನಿನ್ ಭಾವನ ಎದೆ ಬಡೀತಿದೆ ಕಣೋ," ಎಂದಳು. "ಒಳಗೂ ಇಂಥದೇ ಪರದೆ ಇದೆ. ಡಾಕ್ಟ್ರು ಅದ್ರಲ್ಲೇ ತೋರ್ಸಿದ್ರು, ಮುಷ್ಟಿ ಬಿಚ್ಚಿ ಮುಚ್ಚಿದ ಹಾಗೆ. ಇಷ್ಟು ವರ್ಷ ಅದ್ರ ಸದ್ದು ನಂಗೆ ಕೇಳಿರ್ಲಿಲ್ಲ. ಇವತ್ತು ಕಣ್ಣಾರೆ ನೋಡ್ದೆ."

ಸುದ್ದಿಯನ್ನು ಇನ್ನೊಬ್ಬರಿಂದ ಹೇಳಿಸಿಕೊಳ್ಳುವುದು ಇಷ್ಟು ಹಗುರವೆಂದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ಜನರ ಮುಂದೆ ಅತ್ತುಬಿಟ್ಟೆ.