ರಾಜಾ ನೀರು ಕುಡಿಯಬೇಕಿತ್ತು

ಕರುವಿನಷ್ಟು ಎತ್ತರದ ಆ ನಾಯಿಯನ್ನು ಮನೆಗೆ ತಂದವನು ನಾನೇ. ಹೊಳೆಆಲೂರು ಸ್ಟೇಶನ್ನಿನ ಹತ್ತಿರದ ಬಂಗಲೆಗೆ ದಿನಾ ಹಾಲು ಹಾಕುತ್ತಿದ್ದೆ. ಐವತ್ತೆರಡರ ಸಂಕ್ರಾಂತಿ ಹೊತ್ತಿಗೆ ಅಲ್ಲಿಯ ರೈಲ್ವೆ ಸಾಹೇಬರು ಊರು ಬಿಟ್ಟು ಹೊರಟರು. ಇದು ಮಾಸ್ಟಿಫ್ ಜಾತಿ, ಮಕ್ಕಳೆಂದರೆ ಇದಕ್ಕೆ ಜೀವ ಎಂದು ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಸಾಹೇಬರ ನಾಯಿ ಎಂಬ ಸೊಕ್ಕೂ ಇತ್ತು, ಸುಳ್ಳೇಕೆ ಹೇಳಲಿ.

ಹೆಸರು ರಾಜಾ. ನಾಲ್ಕು ವರ್ಷದ ಮಗಳು ತಿಪ್ಪವ್ವ ಮೂರೇ ದಿನಕ್ಕೆ ಅದರ ಹೊಟ್ಟೆಗೆ ತಲೆಯಿಟ್ಟು ಮಲಗತೊಡಗಿದಳು. ಬೈದು ಎಳೆದು ತಂದರೂ ಮತ್ತೆ ಅಲ್ಲೇ. ಹೆಂಡತಿ ಗಾಳೆವ್ವನಿಗೆ ಮಾತ್ರ ಅದನ್ನು ಕಂಡರೆ ಎದೆ ಧಸಕ್ ಎನ್ನುತ್ತಿತ್ತು. "ನಾಯಿ ತಂದೀರೋ, ಹುಲಿ ತಂದೀರೋ?" ಎಂದು ದಿನಾ ಜಗಳ.

ಆ ಬೇಸಿಗೆಯಲ್ಲಿ ಹುಚ್ಚುನಾಯಿಯೊಂದು ಊರಿಗೆ ನುಗ್ಗಿ ಇಬ್ಬರನ್ನು ಕಚ್ಚಿತು. ಅವರು ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದ ಮೇಲೆ, ನಾಯಿ ಕಂಡರೆ ಊರಿಗೆ ಊರೇ ಬಡಿಗೆ ಎತ್ತುತ್ತಿತ್ತು. ಅಂಥದರಲ್ಲಿ ಒಂದು ಮಟಮಟ ಮಧ್ಯಾಹ್ನ ನೆರೆಮನೆಯ ಗುಡ್ಡವ್ವ ನಮ್ಮ ಅಂಗಳ ನೋಡಿ ಚೀರಿದಳು: "ಜೊಲ್ಲ ಸುರಸಾಕ್ಹತ್ತೈತಿ! ಹುಚ್ಚ ಹಿಡದೈತಿ!"

ಜೋತಾಡುವ ತುಟಿಯ ಜಾತಿ ಅದು. ಜೊಲ್ಲು ದಿನವೂ ಸುರಿಯುತ್ತಿತ್ತು. ಕೇಳುವವರು ಯಾರು? ಗಳಿಗೆಯಲ್ಲಿ ಅಂಗಳ ತುಂಬಿತು. ಪೊಲೀಸ್ ಪಾಟೀಲ ಮಲ್ಲೇಶಗೌಡರು ಬಂದೂಕು ಹಿಡಿದೇ ಬಂದರು. ರಾಜಾ ಬೇವಿನ ನೆರಳಲ್ಲಿ, ಹಗ್ಗವಿಲ್ಲದೆ, ಮಲಗಿತ್ತು.

"ನೀರ ಇಟ್ಟ ನೋಡೂಣು ಕಳಕಪ್ಪ," ಎಂದರು ಗೌಡರು. "ಹುಚ್ಚ ಇದ್ರ ಮುಟ್ಟಂಗಿಲ್ಲ. ಮುಟ್ಟಲಿಲ್ಲಂದ್ರ ಹೊಡದಬಿಡ್ತೀನಿ."

ಬೋಗುಣಿ ತುಂಬ ನೀರು ಇಟ್ಟೆ. ರಾಜಾ ನೀರನ್ನು ನೋಡಿತು, ನನ್ನನ್ನು ನೋಡಿತು, ಮುಟ್ಟಲಿಲ್ಲ. "ಕುಡಿಯೋ ರಾಜಾ, ಕುಡಿ" ಎಂದು ಅಂಗಲಾಚಿದೆ. ಜನ ಹಿಂದೆ ಸರಿದರು. ನಾನೂ ಸರಿದೆ. ಗೌಡರು ಬಂದೂಕು ಎತ್ತಿದರು.

"ತಡೀರಿ ಗೌಡ್ರ!" ಗಾಳೆವ್ವ ಒಳಗಿನಿಂದ ಓಡಿ ಬಂದಳು. "ದಿನಾ ನೀರ ಇಡಾಕಿ ನಾನು. ಅಂಜಿ, ಬೋಗುಣಿ ಇಟ್ಟು, ಒಳಗ ಓಡಿ ಅಗಳಿ ಹಾಕ್ತೀನಿ. ಆಮ್ಯಾಗ ಕುಡೀತೈತಿ. ಮೂರ ತಿಂಗಳಿಂದ ಅದಕ್ಕ ಅದಽ ರೂಢಿ. ನಾ ಬೆನ್ನ ತಿರುಗಿಸಿದ್ರ ಕುಡೀತೈತ್ರಿ."

"ಹುಚ್ಚನಾಯಿಗೆ ಬೆನ್ನ ಕೊಡ್ತಾರೇನ ತಂಗಿ?"

"ಕಚ್ಚಿದ್ರ ಕಚ್ಚಲಿ. ಅಂಜಿದಾಕಿ ನಾನು, ಅದ್ಯಾಕ ಸಾಯಬೇಕ್ರಿ?"

ಅವಳು ನಾಯಿಯ ಕಡೆ ನಡೆದಳು. ಬೋಗುಣಿಯಿಂದ ಎರಡು ಮಾರು ದೂರ, ರಾಜಾನಿಗೆ ಬೆನ್ನು ಮಾಡಿ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡಳು.

ರಾಜಾ ಎದ್ದಿತು. ಬೋಗುಣಿಯನ್ನು ದಾಟಿ ನೆಟ್ಟಗೆ ಅವಳ ಕಡೆಗೇ ನಡೆಯಿತು. "ಹೊಡೀರಿ!" ಎಂದು ಗುಡ್ಡವ್ವ ಕಿರುಚಿದಳು. ಹೊಡೆದರೆ ಗುಂಡು ಗಾಳೆವ್ವನಿಗೂ ತಾಗುತ್ತಿತ್ತು. ಅದು ಅವಳ ಕುತ್ತಿಗೆ ಮೂಸಿತು. ಜೊಲ್ಲು ಅವಳ ಹೆಗಲ ಮೇಲೆ ಬಿತ್ತು. ಅವಳು ಕಣ್ಣು ಮುಚ್ಚಿದಳು, ಏಳಲಿಲ್ಲ.

ಆಮೇಲೆ ಅದು ತಿರುಗಿ ಹೋಗಿ ಬೋಗುಣಿಗೆ ಬಾಯಿ ಹಾಕಿತು. ಲೊಚಲೊಚ ಸಪ್ಪಳ ಅಂಗಳಕ್ಕೆಲ್ಲ ಕೇಳಿತು. ಗೌಡರು ಬಂದೂಕು ಇಳಿಸಿದರು.

ಗಾಳೆವ್ವ ಇನ್ನೂ ತಿರುಗಿರಲಿಲ್ಲ. "ಕುಡ್ಯಾಕ್ಹತ್ತೈತೇನ್ರಿ?" ಎಂದು ಅಳುತ್ತ ನನ್ನನ್ನು ಕೇಳಿದಳು, ನಾನು ಪಕ್ಕದಲ್ಲೇ ಇರಬೇಕೆಂದು ತಿಳಿದು. ಹೌದು ಎನ್ನಬೇಕಿತ್ತು. ಆದರೆ ನಾನು ನಿಂತಿದ್ದು ಗೌಡರ ಬಂದೂಕಿನ ಹಿಂದೆ. ಅಷ್ಟು ದೂರದಿಂದ ಕೂಗಿ ಹೇಳಲು ನಾಚಿಕೆಯಾಯಿತು.