ಬತ್ತಿದ ಬೋರ್‌ವೆಲ್ಲಿನ ನೀರು

ವಿಜಯನಗರದ ಖಾಸಗಿ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದ ಸಂಘಮಿತ್ರಾಗೆ, ರಾಜಾಜಿನಗರದಿಂದ ಹೊರಡುತ್ತಿದ್ದ ಹೊಸ ಜರ್ನಲ್ ಒಂದು ಪ್ರಬಂಧ ಕಳಿಸಿ, ಇದನ್ನು ಓದಿ ಅಭಿಪ್ರಾಯ ಬರೆದುಕೊಡುತ್ತೀರಾ ಎಂದು ಕೇಳಿದಾಗ ನಿಜಕ್ಕೂ ಹೆಮ್ಮೆಯಾಗಿತ್ತು. ಇದು ೨೦೦೮ರ ಮಾತು. ಕಾಲೇಜಿನ ಸೆಮಿನಾರ್ ಒಂದಕ್ಕೆ ಬಂದಿದ್ದ ಜರ್ನಲ್ಲಿನ ಸಂಪಾದಕ ಪಂಚಾಕ್ಷರಿ ಎಲ್ಲರ ಈಮೇಲ್ ವಿಳಾಸ ಬರೆದುಕೊಂಡು ಹೋಗಿದ್ದ. ತಮ್ಮದು ಓಪನ್ ಆಕ್ಸೆಸ್ ಜರ್ನಲ್, ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು ಎಂದು ಕೈಮುಗಿದು ಹೇಳಿದ್ದ.

ಆ ಮಾತು ಅವಳಿಗೆ ಸುಮ್ಮನೆ ಹಿತವಾಗಿ ಕೇಳಿದ್ದಲ್ಲ. ಎಂ.ಫಿಲ್. ಮಾಡುವಾಗ ಒಂದೊಂದು ಲೇಖನಕ್ಕೂ ದೊಡ್ಡ ದೊಡ್ಡ ಸಂಸ್ಥೆಗಳ ಲೈಬ್ರರಿ ಬಾಗಿಲಲ್ಲಿ ನಿಂತು, ಗುರುತಿನವರ ಕಾಲು ಹಿಡಿದು ಜೆರಾಕ್ಸ್ ಮಾಡಿಸಿಕೊಂಡವಳು ಅವಳು. ಜನರ ತೆರಿಗೆಯಲ್ಲಿ ನಡೆದ ಸಂಶೋಧನೆಯನ್ನು ಹೊರದೇಶದ ಪ್ರಕಾಶಕರು ಬೀಗ ಹಾಕಿಟ್ಟುಕೊಂಡು, ಅದನ್ನೇ ನಮಗೆ ಮಾರುವುದನ್ನು ಕಂಡಾಗಲೆಲ್ಲ ಮೈ ಉರಿಯುತ್ತಿತ್ತು. ಹಾಗಾಗಿ ಓಪನ್ ಆಕ್ಸೆಸ್ ಎಂದರೆ ಬಿರುಬೇಸಿಗೆಯಲ್ಲಿ ದಾರಿಬದಿಯ ಅರವಟ್ಟಿಗೆ ಕಂಡ ಹಾಗೆ. ಒಂದು ಲೋಟ ನೀರು ತಾನೂ ಎತ್ತಿಕೊಡೋಣ ಎಂದು ಒಪ್ಪಿಕೊಂಡಳು.

ಪದ್ಧತಿಯಂತೆ ಪ್ರಬಂಧದಿಂದ ಬರೆದವರ ಹೆಸರು ತೆಗೆದಿದ್ದರು. ಓದಿದವರ ಹೆಸರೂ ಬರೆದವರಿಗೆ ತಿಳಿಯಕೂಡದು. ಆಗ ಮಾತ್ರ ಮುಲಾಜಿಲ್ಲದ ಮಾತು ಹೊರಬರುತ್ತದೆ. ವಿಷಯ, ಪಶ್ಚಿಮ ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿರುವ ನೈಟ್ರೇಟ್. ಚರಂಡಿಯ, ಪಾಯಿಖಾನೆ ಗುಂಡಿಯ ನೀರು ನೆಲಕ್ಕಿಳಿದರೆ ಬೋರಿನಲ್ಲಿ ನೈಟ್ರೇಟ್ ಏರುತ್ತದೆ. ದೊಡ್ಡವರು ಹೇಗೋ ತಡೆದುಕೊಂಡಾರು. ಬಾಟಲಿ ಹಾಲು ಕುಡಿಯುವ ಎಳೆಗೂಸುಗಳ ಮೈ ನೀಲಿಗಟ್ಟುತ್ತದೆ, ಉಸಿರು ಸಾಲದಾಗುತ್ತದೆ. ಪ್ರಬಂಧದ ತೀರ್ಮಾನವೋ, ಎಲ್ಲ ಕಡೆಯ ನೀರೂ ಕುಡಿಯಲು ಯೋಗ್ಯ ಎಂದಿತ್ತು.

ಸಂಘಮಿತ್ರಾ ಇದ್ದದ್ದು ಹೇರೋಹಳ್ಳಿಯಲ್ಲಿ, ತಾಯಿ ರಾಮಮ್ಮನ ಜೊತೆ. ಊರಿನ ಹೆಸರು ಪಟ್ಟಿಯಲ್ಲಿ ಕಂಡಾಗ ಕುತೂಹಲದಿಂದ ನೋಡಿದಳು. ‘ಶಾಲೆ ಪಕ್ಕದ ಬೋರ್‌ವೆಲ್, ೨೦೦೮ರ ಏಪ್ರಿಲ್ ತಿಂಗಳ ಮಾದರಿ’ ಎಂದಿತ್ತು.

“ಅಮ್ಮಾ, ಸ್ಕೂಲ್ ಪಕ್ಕದ ಬೋರಲ್ಲಿ ನೀರು ಬರೋದು ಯಾವಾಗ ನಿಂತಿದ್ದು?” ಎಂದು ಅಡುಗೆಮನೆಯತ್ತ ಕೂಗಿದಳು.

“ಯಾವ ಕಾಲದ ಮಾತು ಕಣೇ! ಹೋದ್ ವರ್ಷ ಅದರ ಪಂಪೂ ಬಿಚ್ಕೊಂಡು ಹೋದ್ರಲ್ಲ. ಈಗ ಅದರ ಬಾಯಿಗೆ ಚಪ್ಪಡಿ ಮುಚ್ಚವ್ರೆ.”

ಬತ್ತಿದ ಬೋರಿನಿಂದ ನೀರು ತೆಗೆದಿದ್ದರು ಪುಣ್ಯಾತ್ಮರು! ಮುಂದೆ ನೋಡಿದರೆ ಬೇಸಿಗೆಯ ಕೋಷ್ಟಕದ ಅಂಕಿಗಳೇ ಮಳೆಗಾಲದ ಕೋಷ್ಟಕದಲ್ಲೂ ದಶಾಂಶ ಸಮೇತ ಕೂತಿದ್ದವು. ಯಾವುದೋ ಹಳೆಯ ಸರ್ಕಾರಿ ಪಟ್ಟಿಯಿಂದ ಬೋರ್‌ವೆಲ್ಲುಗಳ ಹೆಸರು ಎತ್ತಿಕೊಂಡು, ಕುರ್ಚಿ ಬಿಟ್ಟೇಳದೆ ಅಂಕಿ ತುಂಬಿದ್ದು ಸ್ಪಷ್ಟವಾಗಿತ್ತು. ಸಂಘಮಿತ್ರಾ ಎರಡು ಪುಟ ಬರೆದಳು. ಎಲ್ಲೆಲ್ಲಿ ತಪ್ಪಿದೆ, ನಿಜವಾಗಿ ಮಾಡುವುದಾದರೆ ಹೇಗೆ ಮಾಡಬೇಕು ಎಂದು ವಿವರಿಸಿ, ಕೊನೆಗೆ ‘ಇದನ್ನು ಪ್ರಕಟಿಸಬಾರದು’ ಎಂದು ಮುಗಿಸಿದಳು.

ಅದೇ ತಿಂಗಳು ಪ್ರಬಂಧ ಪ್ರಕಟವಾಯಿತು. ಒಂದಕ್ಷರ ಬದಲಾಗಿರಲಿಲ್ಲ.

ಅದು ಅವಳಿಗೆ ಗೊತ್ತಾದದ್ದು ಪಕ್ಕದ ಬೀದಿಯ ಶಿವಕ್ಕನಿಂದ. ಶಿವಕ್ಕ ಬಿಜಾಪುರದ ಕಡೆಯವಳು. ಮಗ ಪೀಣ್ಯದ ಫ್ಯಾಕ್ಟರಿಯಲ್ಲಿ, ಸೊಸೆ ಗಾರ್ಮೆಂಟ್ಸ್‌ನಲ್ಲಿ. ಬಾಟಲಿ ಹಾಲಿನ ಮೊಮ್ಮಗಳು ದಿನವಿಡೀ ಅವಳ ಕಂಕುಳಲ್ಲಿ. ಬೋರಿನ ನೀರು ನಾರುತ್ತದೆ, ಟ್ಯಾಂಕರ್ ಕೊಡಿ ಎಂದು ಬೀದಿಯವರೆಲ್ಲ ನೀರು ಸರಬರಾಜಿನ ಇಂಜಿನಿಯರ್ ಹತ್ತಿರ ಹೋಗಿದ್ದರು. ಅಲ್ಲಿಂದ ಬಂದವಳೇ ಶಿವಕ್ಕ ನೇರ ಸಂಘಮಿತ್ರಾಳ ಮನೆಗೆ ನುಗ್ಗಿ, ಮಡಚಿದ ಹಾಳೆಗಳನ್ನು ಮುಂದೆ ಹಿಡಿದಳು.

“ಏನ್ರೀ ಟೀಚರ್, ನೀರ ಭೇಷ್ ಐತಿ ಅಂತ ನೀವೇ ಬರದ್ ಕೊಟ್ಟೀರಂತಲ್ರೀ? ಆ ಸಾಹೇಬ ಇಂಟರ್‌ನೆಟ್ಟಿನಾಗಿಂದ ತಗದು ಕೊಟ್ಟಾನ. ‘ಸಂಘಮಿತ್ರಾ ಅನ್ನೋ ಕಾಲೇಜ್ ಮೇಡಮ್ಮೇ ನೋಡಿ ಪಾಸ್ ಮಾಡ್ಯಾರ, ನಿಮ್ದೇನು ತಕರಾರು?’ ಅಂದ.”

ಕೊನೆಯ ಪುಟದಲ್ಲಿ ಕಪ್ಪಗೆ ಅಚ್ಚಾಗಿತ್ತು. ‘ತಜ್ಞರಿಂದ ಪರಿಶೀಲಿತ.’ ಅದರ ಕೆಳಗೆ ಅವಳ ಹೆಸರು, ಕಾಲೇಜಿನ ಹೆಸರು. ಮೊದಲ ಪುಟ ತಿರುಗಿಸಿದಳು. ಬರೆದವರು ಡಾ. ಸೇತುರಾಮ. ಅವಳದೇ ವಿಭಾಗದ ಮುಖ್ಯಸ್ಥರು! ಅವಳ ಸ್ಟಾಫ್ ರೂಮಿನ ಪಕ್ಕದ ಕೋಣೆಯಲ್ಲೇ ಕೂರುವವರು.

“ನಾನು ಬೇಡ ಅಂತ ಬರೆದಿದ್ದೆ ಶಿವಕ್ಕ. ದೇವರಾಣೆ, ಬೇಡ ಅಂತಾನೇ ಬರೆದಿದ್ದೆ.”

“ಹಂಗಂದ್ರ ಕುದಿಸಿ ಕೊಡ್ಲೇನ್ರೀ ಕೂಸಿಗೆ?”

“ಕುದಿಸಿದ್ರೆ ನೈಟ್ರೇಟ್ ಹೋಗಲ್ಲ, ಇನ್ನೂ ಗಟ್ಟಿಯಾಗುತ್ತೆ. ಸದ್ಯಕ್ಕೆ ನಮ್ಮನೆಗೆ ತರಿಸೋ ಕ್ಯಾನ್ ನೀರು ತಗೊಂಡ್ ಹೋಗಿ. ಮಗುಗೆ ಅದನ್ನೇ ಕೊಡಿ.”

ಶಿವಕ್ಕ ನಂಬಿದಳೋ ಇಲ್ಲವೋ. ಕ್ಯಾನನ್ನೇನೋ ತೆಗೆದುಕೊಂಡು ಹೋದಳು.

ಮಾರನೆಯ ದಿನ ಸಂಘಮಿತ್ರಾ ರಜೆ ಹಾಕಿ ರಾಜಾಜಿನಗರದಲ್ಲಿ ವಿಳಾಸ ಹುಡುಕಿದಳು. ‘ಅಂತರರಾಷ್ಟ್ರೀಯ’ ಜರ್ನಲ್ಲಿನ ಕಚೇರಿ ಇದ್ದದ್ದು ಡಿಟಿಪಿ ಅಂಗಡಿಯೊಂದರ ಅಟ್ಟದ ಮೇಲೆ. ಮದುವೆ ಕಾರ್ಡುಗಳ ಕಟ್ಟುಗಳ ನಡುವೆ ಒಂದು ಕಂಪ್ಯೂಟರ್. ಪಂಚಾಕ್ಷರಿ ಎದ್ದು ನಿಂತು, ಕುರ್ಚಿ ಒರೆಸಿ, ಕಾಫಿ ತರಿಸಲು ಹೊರಟ.

“ಕಾಫಿ ಬೇಡ. ನಾನು ಬೇಡ ಅಂದ ಪೇಪರನ್ನ ಹೇಗೆ ಹಾಕಿದ್ರಿ?”

“ಮೇಡಂ, ನಿಮ್ಮ ಕಾಮೆಂಟ್ಸು ಬಹಳ ಚೆನ್ನಾಗಿತ್ತು. ಆಥರ್‌ಗೆ ಹಾಗೇ ಫಾರ್ವರ್ಡ್ ಮಾಡಿದೆ. ಅವರು ನೋಡ್ಕೋತೀನಿ ಅಂದ್ರು.”

“ನನ್ನ ಹೆಸರಿನ ಸಮೇತ ಫಾರ್ವರ್ಡ್ ಮಾಡಿದ್ರಾ?”

ಪಂಚಾಕ್ಷರಿ ಕಂಪ್ಯೂಟರಿನ ಕಡೆ ನೋಡಿದ. “ಅದೇನು ಅಷ್ಟು ದೊಡ್ಡ ವಿಷಯ ಅಂತ ನನಗೆ ಗೊತ್ತಾಗ್ಲಿಲ್ಲ ಮೇಡಂ.”

“ಬೇಡ ಅಂದವಳ ಹೆಸರನ್ನೇ ಒಪ್ಪಿದವಳು ಅಂತ ಅಚ್ಚು ಹಾಕಿದೀರಲ್ಲ, ಅದಾದ್ರೂ ಗೊತ್ತಾಯ್ತಾ?”

“ನೋಡಿ ಮೇಡಂ, ನಮ್ಮಲ್ಲಿ ಓದೋರು ದುಡ್ಡು ಕೊಡಲ್ಲ, ಬರೆದೋರು ಕೊಡ್ತಾರೆ. ಬಂದಿದ್ದನ್ನೆಲ್ಲ ವಾಪಸ್ ಕಳಿಸಿದ್ರೆ ಜರ್ನಲ್ ನಡೆಯೋದು ಹೇಗೆ ಹೇಳಿ. ಪಾಪ, ಲೆಕ್ಚರರ್‌ಗಳಿಗೂ ಪ್ರಮೋಷನ್‌ಗೆ ಪೇಪರ್ ಬೇಕು.” ಧ್ವನಿ ತಗ್ಗಿಸಿದ. “ನೀವು ಮನಸ್ಸಿಗೆ ಹಚ್ಕೋಬೇಡಿ. ಮುಂದಿನ ಸಂಚಿಕೆಯಿಂದ ನಿಮ್ಮನ್ನೇ ಸಹ ಸಂಪಾದಕಿ ಮಾಡ್ಬಿಡ್ತೀನಿ.”

“ಬೇರೆ ಜರ್ನಲ್‌ಗಳೂ ಬರೆದೋರ ಹತ್ರ ದುಡ್ಡು ತಗೋತಾವೆ. ಆದ್ರೆ ಓದಿ ತೂಗಿ ನೋಡಿದ ಮೇಲೆ, ಯೋಗ್ಯ ಅನ್ನಿಸಿದ್ರೆ ಮಾತ್ರ. ಬಡವರಿಗೆ ಬಿಟ್ಟೂ ಬಿಡ್ತಾವೆ. ಓದೋರಿಗೆ ಬಾಗಿಲು ತೆಗೀರಿ ಅಂದ್ರೆ, ನೀವು ಸುಳ್ಳಿಗೆ ಬಾಗಿಲು ತೆಗೆದಿದೀರಲ್ರೀ! ಅದನ್ನ ಓದಿ ಆ ಇಂಜಿನಿಯರ್ ನಮ್ಮೂರಿನೋರಿಗೆ ಟ್ಯಾಂಕರ್ ಇಲ್ಲ ಅಂದಿದಾನೆ. ಪೇಪರ್ ಹಿಂದಕ್ಕೆ ತಗೊಳ್ಳಿ.”

“ಒಂದ್ಸಲ ಹಾಕಿದ್ದನ್ನ ತೆಗೆಯೋ ಪದ್ಧತಿ ಇಲ್ಲ ಮೇಡಂ. ಬೇಕಾದ್ರೆ ನಿಮ್ಮ ಹೆಸರು ತೆಗೀತೀನಿ.”

ಹೆಸರು ಹೋದದ್ದೂ ಸುಲಭಕ್ಕಲ್ಲ. ಮೇಲಿಂದ ಮೇಲೆ ಪತ್ರ ಬರೆದು, ಕೊನೆಗೆ ವಕೀಲರಿಂದ ನೋಟಿಸ್ ಕಳಿಸುತ್ತೇನೆಂದು ಹೆದರಿಸಿದ ಮೇಲೆ ಒಂದು ದಿನ ಸದ್ದಿಲ್ಲದೆ ಮಾಯವಾಯಿತು. ಏಕೆ ತೆಗೆದೆವೆಂಬ ಒಂದು ಸಾಲಿನ ವಿವರಣೆಯೂ ಅಲ್ಲಿರಲಿಲ್ಲ. ಪ್ರಬಂಧ ಮಾತ್ರ ಇದ್ದಲ್ಲೇ ಇತ್ತು.

ಅಷ್ಟರಲ್ಲಿ ಸೇತುರಾಮ ಅವರೇ ಅವಳನ್ನು ತಮ್ಮ ಕೋಣೆಗೆ ಕರೆದರು. ಕೋಪದ ಲಕ್ಷಣವಿರಲಿಲ್ಲ. ತಂಗಿಗೆ ಬುದ್ಧಿ ಹೇಳುವವರ ಹಾಗೆ ಮಾತಾಡಿದರು.

“ಏನಮ್ಮ ಸಂಘಮಿತ್ರಾ, ಮನೆ ಜಗಳಾನ ಬೀದಿಗೆ ತರ್ತೀಯಾ? ಮುಂದೆ ಪ್ರಿನ್ಸಿಪಾಲ್ ಇಂಟರ್‌ವ್ಯೂ ಇದೆ, ಹೆಸರಿಗೆ ಒಂದಷ್ಟು ಪೇಪರ್ ಇರಬೇಕು. ಎಲ್ಲರೂ ಮಾಡೋದೇ. ಅದನ್ನ ಯಾರು ಓದ್ತಾರೆ ಹೇಳು?”

“ನಮ್ಮ ಪಕ್ಕದ ಬೀದಿಯೋರು ಓದಿದಾರೆ ಸಾರ್.”

ಅವರಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು: ಇಂಜಿನಿಯರ್, ಟ್ಯಾಂಕರ್, ಶಿವಕ್ಕನ ಮೊಮ್ಮಗಳು, ಚಪ್ಪಡಿ ಮುಚ್ಚಿದ ಬೋರ್. ಸೇತುರಾಮ ಅವರ ಮುಖ ಕ್ಷಣಕಾಲ ಕಪ್ಪಿಟ್ಟಿತು. ಒಂದು ಮಾತು, ‘ತಪ್ಪಾಯಿತು, ಹಿಂದಕ್ಕೆ ತಗೋತೀನಿ’ ಎಂದಿದ್ದರೆ ಅವಳು ಅಲ್ಲಿಗೇ ಬಿಡುತ್ತಿದ್ದಳು. ಅವರು ಕನ್ನಡಕ ತೆಗೆದು ಒರೆಸಿ, “ಸಂಜೆ ಮೇಲೆ ಲ್ಯಾಬ್ ಕೀ ಇನ್ಮೇಲೆ ನನ್ನ ಹತ್ರಾನೇ ಇರ್ಲಿ” ಎಂದರು.

ಅವಳು ತಾನೇ ನೀರು ಪರೀಕ್ಷಿಸದಿರಲೆಂದು ಆಡಿದ ಆ ಮಾತು ಅವಳೊಳಗಿನ ಅಳುಕನ್ನೆಲ್ಲ ಸುಟ್ಟುಬಿಟ್ಟಿತು. ಕೆಂಗೇರಿಯ ಕಾಲೇಜೊಂದರಲ್ಲಿದ್ದ ಹಳೆಯ ಸಹಪಾಠಿಯನ್ನು ಕೇಳಿ ಅಲ್ಲಿನ ಲ್ಯಾಬಿನಲ್ಲಿ ಜಾಗ ಮಾಡಿಕೊಂಡಳು. ಹೇರೋಹಳ್ಳಿಯ ಬೋರುಗಳಿಗೆಲ್ಲ ತಾನೇ ಹೋಗಿ ಬಾಟಲಿಗಳಲ್ಲಿ ನೀರು ಹಿಡಿದಳು. ಕೂಸನ್ನು ರಾಮಮ್ಮನ ಮಡಿಲಿಗೆ ಹಾಕಿ ಶಿವಕ್ಕನೂ ಜೊತೆಗೆ ಬಂದಳು. ಫಲಿತಾಂಶ ಅವಳು ಹೆದರಿದಂತೆಯೇ ಇತ್ತು. ಮಿತಿ ಲೀಟರಿಗೆ ನಲವತ್ತೈದು ಮಿಲಿಗ್ರಾಂ. ಶಿವಕ್ಕನ ಬೀದಿಯ ಬೋರಿನಲ್ಲಿ ಅದರ ದುಪ್ಪಟ್ಟು ದಾಟಿತ್ತು.

ಇದನ್ನೆಲ್ಲ ಪ್ರಬಂಧವಾಗಿ ಬರೆದು, ವಿಜ್ಞಾನಿಗಳ ಸಂಘವೊಂದು ನಡೆಸುತ್ತಿದ್ದ ಇನ್ನೊಂದು ಓಪನ್ ಆಕ್ಸೆಸ್ ಜರ್ನಲ್ಲಿಗೆ ಕಳಿಸಿದಳು. ಅಲ್ಲಿ ಮೊದಲು ಸಂಪಾದಕರೇ ಓದಿ, ಆಮೇಲೆ ಮೂವರು ಪರಿಶೀಲಕರಿಗೆ ಕಳಿಸಿದರು. ತಿಂಗಳುಗಳ ಮೇಲೆ ಉತ್ತರ ಬಂತು. ಇಬ್ಬರು ಒಪ್ಪಿದ್ದರು. ಮೂರನೆಯವರು ಸಿಗಿದು ಹಾಕಿದ್ದರು: ಮಾದರಿಗಳನ್ನು ತಣ್ಣಗಿಟ್ಟಿದ್ದಿರಾ? ತೆಗೆದ ಎಷ್ಟು ಹೊತ್ತಿಗೆ ಪರೀಕ್ಷಿಸಿದಿರಿ? ಮಳೆಗಾಲದ ಅಂಕಿ ಎಲ್ಲಿ? ಮೊದಲ ಕಂತಿನ ಬಾಟಲಿಗಳು ಭಾನುವಾರವೆಲ್ಲ ಮೇಜಿನ ಮೇಲೇ ಇದ್ದದ್ದು ನಿಜ.

“ಸುಳ್ಳು ಬರೆದೋರಿಗೆ ಒಂದೇ ತಿಂಗಳು, ನಿಜ ಬರೆದೋಳಿಗೆ ಇಷ್ಟು ಅಡ್ಡಗೋಲು!” ಎಂದು ತಾಯಿಯ ಮುಂದೆ ಹಾರಾಡಿದಳು.

ರಾಮಮ್ಮ ಸೊಪ್ಪು ಬಿಡಿಸುತ್ತ, “ಅವರು ಕೇಳಿದ್ದು ತಪ್ಪಾ?” ಎಂದಳು.

“ತಪ್ಪಲ್ಲ. ಅದಕ್ಕೇ ಇಷ್ಟು ಸಿಟ್ಟು ಬರ್ತಿರೋದು.”

ಆ ಕಂತನ್ನು ಚೆಲ್ಲಿ, ಐಸ್ ಡಬ್ಬಿ ಹೊತ್ತು ಮತ್ತೆ ಮಾದರಿ ಹಿಡಿದಳು. ಮಳೆಗಾಲ ಬರುವವರೆಗೆ ಕಾದು ಇನ್ನೊಮ್ಮೆ ಹಿಡಿದಳು. ಆಗ ಅಂಕಿಗಳು ಇನ್ನೂ ಕೆಟ್ಟಿದ್ದವು. ೨೦೦೯ರ ಕೊನೆಗೆ ಪ್ರಬಂಧ ಪ್ರಕಟವಾಯಿತು. ಆ ಜರ್ನಲ್ಲಿನ ರೂಢಿಯಂತೆ ಪರಿಶೀಲಕರ ಪ್ರಶ್ನೆಗಳನ್ನೂ ಅವಳ ಉತ್ತರಗಳನ್ನೂ ಜೊತೆಗೇ ಹಾಕಿದ್ದರು. ಅವಳಿಂದ ಶುಲ್ಕ ಕೇಳಿರಲಿಲ್ಲ.

ಬೀದಿಯವರ ಜೊತೆ ಇಂಜಿನಿಯರ್ ಮುಂದೆ ನಿಂತಾಗ ಅವನು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟುಕೊಂಡು ಆಕಳಿಸಿದ. “ಇದೂ ಪೇಪರೇ, ಅದೂ ಪೇಪರೇ. ಅವರು ಡಾಕ್ಟರೇಟ್ ಬೇರೆ. ನಾನು ಯಾರನ್ನ ನಂಬಲಿ?”

“ನನ್ನ ನಂಬಬೇಡಿ ಸಾರ್,” ಎಂದಳು ಸಂಘಮಿತ್ರಾ. ಧ್ವನಿ ಏರಿದ್ದು ಅವಳಿಗೇ ಕೇಳಿಸಿತು. “ನನ್ನ ಏನೇನು ಪ್ರಶ್ನೆ ಕೇಳಿದ್ರು, ನಾನು ಏನು ಹೇಳಿದೆ, ಎಲ್ಲ ಇಲ್ಲೇ ಇದೆ, ಓದಿ. ಅವರನ್ನ ಏನು ಕೇಳಿದ್ರು ಅಂತ ಅವರ ಜರ್ನಲ್‌ನೋರನ್ನ ಕೇಳಿ, ತೋರಿಸ್ತಾರಾ ನೋಡೋಣ. ಅದೂ ಬೇಡವಾ? ಬನ್ನಿ, ಸ್ಕೂಲ್ ಪಕ್ಕ ಚಪ್ಪಡಿ ಎತ್ತಿಸ್ತೀನಿ. ಆ ಬೋರಿಂದ ಒಂದು ಲೋಟ ನೀರು ತೆಗೆದುಕೊಡಿ, ನಾವೆಲ್ಲ ಸುಮ್ನೆ ಮನೆಗೆ ಹೋಗ್ತೀವಿ.”

ಶಿವಕ್ಕ ಕೂಸನ್ನು ಮೇಜಿನ ಅಂಚಿಗೆ ಕೂರಿಸಿದಳು. “ಇಲ್ಲಾ, ನಮ್ಮ ಬೋರಿನ ನೀರು ತಂದೀನಿ. ನೀವ ಕುಡೀರಿ ಸಾಹೇಬ್ರ, ಭೇಷ್ ಐತೆಲ್ಲ.” ಬಾಟಲಿ ಮುಂದೆ ಸರಿಸಿದಳು.

ಇಂಜಿನಿಯರ್ ಬಾಟಲಿ ಮುಟ್ಟಲಿಲ್ಲ. ಇಲಾಖೆಯಿಂದಲೇ ಪರೀಕ್ಷೆ ಮಾಡಿಸುತ್ತೇನೆಂದ. ಜನ ಅಲ್ಲಿಂದ ಕದಲದಿದ್ದಾಗ ತಾರೀಖನ್ನೂ ಹೇಳಿದ. ಇಲಾಖೆಯ ಅಂಕಿಯೂ ಸಂಘಮಿತ್ರಾಳ ಅಂಕಿಯ ಆಸುಪಾಸಿನಲ್ಲೇ ಬಂತು. ಶಿವಕ್ಕನ ಬೀದಿಯದೂ ಸೇರಿ ಎರಡು ಬೋರುಗಳನ್ನು ಮುಚ್ಚಿ, ವಾರಕ್ಕೆ ಎರಡು ಸಲ ಟ್ಯಾಂಕರ್ ಕಳಿಸತೊಡಗಿದರು.

ಸೇತುರಾಮ ಅವರು ಮುಂದಿನ ಬೇಸಿಗೆಯಲ್ಲಿ ಪ್ರಿನ್ಸಿಪಾಲ್ ಆದರು. ಸಭಾಂಗಣದಲ್ಲಿ ಸನ್ಮಾನ ನಡೆಯಿತು. ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಅವರ ‘ಅಂತರರಾಷ್ಟ್ರೀಯ ಪ್ರಬಂಧ’ಗಳ ಹೆಸರನ್ನು ಮೈಕಿನಲ್ಲಿ ಓದಿದರು. ಪಶ್ಚಿಮ ಬೆಂಗಳೂರಿನ ಬೋರ್‌ವೆಲ್ ಎಂದಾಗ ಚಪ್ಪಾಳೆ ಬಿತ್ತು. ಸಂಘಮಿತ್ರಾ ಎದ್ದಳು. ಮುಂದಿನ ಸಾಲಿನಲ್ಲಿದ್ದವಳು, ಹಾಗಾಗಿ ಎಲ್ಲರಿಗೂ ಕಂಡಳು.

“ಆ ಪ್ರಬಂಧ ಸುಳ್ಳು” ಎಂದು ಮೈಕಿಲ್ಲದೆಯೇ ಹೇಳಿದಳು. “ಇಲಾಖೆಯೋರೇ ಬೋರ್ ಮುಚ್ಚಿದಾರೆ. ಚಪ್ಪಾಳೆ ಹೊಡೆಯೋರು ಒಂದ್ಸಲ ಓದಿ. ಪುಕ್ಕಟೆ ಸಿಗುತ್ತೆ.”

ವೇದಿಕೆಯ ಮೇಲೆ ಯಾರೋ ಕೆಮ್ಮಿದರು. ಸೇತುರಾಮ ಅವರು ಪೇಟ ಸರಿಪಡಿಸಿಕೊಂಡರು. ಅವಳು ಚೀಲ ಹೆಗಲಿಗೇರಿಸಿ ಹೊರಗೆ ಬಂದಳು. ನಾಳೆಯಿಂದ ಈ ಕಾಲೇಜಿನಲ್ಲಿ ಇರುವುದು ಸುಲಭವಿಲ್ಲ ಎಂದು ಗೊತ್ತಿತ್ತು. ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿಸಿತು. ವಿಭಾಗಕ್ಕೆ ಹೊಸದಾಗಿ ಸೇರಿದ್ದ ಶಿಲ್ಪಾ, ಓಡುತ್ತ ಬಂದಿದ್ದಳು.

“ಮೇಡಂ, ಆ ಪಂಚಾಕ್ಷರಿಯೋರು ನನಗೂ ಒಂದು ಪೇಪರ್ ಕಳಿಸಿದಾರೆ, ನೋಡಿ ಕೊಡಿ ಅಂತ. ಏನ್ ಮಾಡ್ಲಿ?”

“ಬಸ್ ಬರೋಕೆ ಇನ್ನೂ ಹೊತ್ತಿದೆ, ಕೂತ್ಕೋ ಹೇಳ್ತೀನಿ” ಎಂದು ಸಂಘಮಿತ್ರಾ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟಳು.